ಸೇನೆಗೆ ಗಿಡ್ಡ, ಬಾರ್‌ಬೆಲ್‌ಗೆ ಸರಿ

ಕುಂದಾಪುರ ಸಮೀಪದ ಹೆಮ್ಮಾಡಿಯಲ್ಲಿ ಹೆದ್ದಾರಿ ಬಿಟ್ಟು ಕೊಲ್ಲೂರಿನ ದಾರಿ ಹಿಡಿದರೆ ವಂಡ್ಸೆ, ಅದರಾಚೆ ಚಿತ್ತೂರು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಈ ಸೀಮೆಯಲ್ಲಿ ಗಟ್ಟಿಮುಟ್ಟಾದ ಹುಡುಗ ಕಬಡ್ಡಿಗೆ ಹೋಗುತ್ತಾನೆ, ತೋಳಿನಲ್ಲಿ ವೇಗವಿದ್ದವನು ಟೆನಿಸ್ ಬಾಲ್ ಕ್ರಿಕೆಟ್ಟಿಗೆ. ಹೊನಲು ಬೆಳಕಿನ ಪಂದ್ಯದ ಅಂಚಿನಲ್ಲಿ ನಿಂತು ಯಾರ ಕೈ ಎಂಥದು ಎಂದು ತೂಗಿ ಹೇಳುವವರು ಊರೂರಲ್ಲೂ ಸಿಗುತ್ತಾರೆ. ಭಾರ ಎತ್ತುವವನನ್ನು ಗುರುತಿಸುವುದು ಹಾಗಲ್ಲ. ಅವನ ಕಸುಬು ಮೈದಾನದಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಚಿತ್ತೂರಿನ ಗುರುರಾಜ ಪೂಜಾರಿಗೂ ಭಾರ ಎತ್ತುವ ಆಸೆ ಇರಲಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸುಶೀಲ್ ಕುಮಾರ್ ಕುಸ್ತಿಯಲ್ಲಿ ಕಂಚು ಗೆದ್ದದ್ದನ್ನು ಟಿವಿಯಲ್ಲಿ ಕಂಡು ತಾನೂ ಪೈಲ್ವಾನನಾಗಬೇಕೆಂದುಕೊಂಡ ಹುಡುಗ ಆತ. ತಂದೆ ಟ್ರಕ್ ಚಾಲಕರು, ಮನೆ ತುಂಬ ಮಕ್ಕಳು. ಉಜಿರೆಯ ಎಸ್‌ಡಿಎಂ ಕಾಲೇಜಿಗೆ ಬಂದಾಗ ತರಬೇತುದಾರ ರಾಜೇಂದ್ರ ಪ್ರಸಾದ್ ಅವನನ್ನು ನೋಡಿ, ಕುಸ್ತಿ ಬಿಡಿಸಿ, ಬಾರ್‌ಬೆಲ್ ಮುಂದೆ ನಿಲ್ಲಿಸಿದರು. ಇಸವಿ 2010. ಮೊದಲ ತಿಂಗಳು ಕಬ್ಬಿಣ ಎತ್ತುವ ಬಗೆಯೇ ತಿಳಿಯದೆ ಕಂಗಾಲಾಗಿದ್ದೆ ಎಂದು ಗುರುರಾಜ ಆಮೇಲೆ ಹೇಳಿಕೊಂಡಿದ್ದುಂಟು.

ಆ ತರಬೇತುದಾರರಿಗೆ ಕಂಡದ್ದು ಏನಿರಬಹುದು? ವೇಟ್‌ಲಿಫ್ಟಿಂಗ್ ಬಲ್ಲ ಯಾರೇ ಆದರೂ ಮೊದಲು ಮೈಕಟ್ಟು ನೋಡುತ್ತಾರೆ. ಭಾರ ನೆಲದಿಂದ ತಲೆಯ ಮೇಲಕ್ಕೆ ಹೋಗಬೇಕು. ಆಳು ಗಿಡ್ಡವಾದಷ್ಟೂ ಆ ಪಯಣ ಕಡಿಮೆ. ಅಷ್ಟೇ ಅಲ್ಲ. ಒಂದೇ ತೂಕದ ಇಬ್ಬರಲ್ಲಿ ಎತ್ತರದವನ ತೂಕ ಉದ್ದಕ್ಕೆ ಹಂಚಿಹೋದರೆ, ಕುಳ್ಳನದು ತೊಡೆ, ಬೆನ್ನುಗಳಲ್ಲಿ ಸ್ನಾಯುವಾಗಿ ಕೂತಿರುತ್ತದೆ. ಜೊತೆಗೆ ಸೊಂಟ, ಹರಡು, ಹೆಗಲ ಕೀಲುಗಳು ಸಡಿಲವಾಗಿ ಮಡಿಯಬೇಕು. ಒಂದೇ ಸೆಳೆತಕ್ಕೆ ಭಾರವನ್ನು ತಲೆಯ ಮೇಲೆ ನಿಲ್ಲಿಸುವ ಸ್ನ್ಯಾಚ್‌ನಲ್ಲಿ ಬರೀ ಬಲ ಸಾಲದು, ಭಾರ ಮೇಲೇರುತ್ತಿರುವಾಗಲೇ ಅದರಡಿಗೆ ನುಸುಳಿ ಕೂರುವ ಚುರುಕು ಬೇಕು. ಕುಸ್ತಿಗೆ ಹಂಬಲಿಸಿದ ಹುಡುಗನಲ್ಲಿ ಆ ಚುರುಕು ಇದ್ದಿರಲು ಸಾಕು.

ಇಂಥ ಅಂದಾಜನ್ನು ಅಂಕದಲ್ಲಿ ಬರೆದಿಡುವವರೂ ಇದ್ದಾರೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಕೆಳಗಿನ ಲೀಗುಗಳ ಎಸೆತಗಾರರನ್ನು ನೋಡಲು ಹೋಗುವ ಸ್ಕೌಟ್‌ಗಳು 20ರಿಂದ 80ರ ಅಳತೆಯಲ್ಲಿ ಅಂಕ ಕೊಡುತ್ತಾರೆ. ಒಂದೊಂದು ಗುಣಕ್ಕೂ ಎರಡು ಅಂಕ: ಈಗ ಎಷ್ಟು, ಮುಂದೆ ಎಷ್ಟಾದೀತು. ನಮ್ಮಲ್ಲಿ ಆ ಎರಡನೆಯ ಅಂಕವನ್ನು ಬರೆದಿಡುವವರಿಲ್ಲ. ಅದು ಯಾವುದೋ ಕಾಲೇಜಿನ ತರಬೇತುದಾರರ ತಲೆಯಲ್ಲೇ ಇರುತ್ತದೆ. ಅವರ ಕಣ್ಣಿಗೆ ಬಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಎಲ್ಲರ ಅಳತೆಯೂ ಒಂದೇ ಅಲ್ಲ ಎನ್ನುವುದಕ್ಕೆ ಸಾಕ್ಷಿ ಈ ಹುಡುಗನ ಬದುಕಿನಲ್ಲೇ ಇದೆ. ಸೇನೆಗೆ ಸೇರಲು ಹೋದಾಗ ಎತ್ತರ ಸಾಲದೆಂದು ಹಿಂದಕ್ಕೆ ಬಂದ. ಉಜಿರೆಯಲ್ಲಿ ಬಂಡವಾಳವಾದ ಅದೇ ಮೈಕಟ್ಟು ಅಲ್ಲಿ ಕೊರತೆಯಾಯಿತು. ವಾಯುಪಡೆಯಲ್ಲಿ ಎತ್ತರದ ನಿಯಮಕ್ಕೆ ಸಡಿಲಿಕೆ ಇದೆಯೆಂದು ಯಾರೋ ಹೇಳಿದ್ದರಿಂದ ಅಲ್ಲಿ ಕೆಲಸ ಸಿಕ್ಕಿತು. ಭಾರ ಎತ್ತುವವನ ಊಟದ ಖರ್ಚನ್ನು ಚಾಲಕನ ದುಡಿಮೆಯಲ್ಲಿ ತೂಗಿಸುವುದು ಸಣ್ಣ ಮಾತಲ್ಲ. ಆ ನೌಕರಿ ಇಲ್ಲದಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ.

2016ರಲ್ಲಿ ಗುವಾಹಟಿಯ ದಕ್ಷಿಣ ಏಷ್ಯಾ ಕ್ರೀಡಾಕೂಟದ ಚಿನ್ನ ಬಂತು. 2018ರ ಏಪ್ರಿಲ್ 5ರಂದು ಆಸ್ಟ್ರೇಲಿಯಾದ ಗೋಲ್ಡ್‌ಕೋಸ್ಟ್‌ನಲ್ಲಿ, ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕೆ.ಜಿ. ವಿಭಾಗದಲ್ಲಿ, ಸ್ನ್ಯಾಚ್‌ನಲ್ಲಿ 111 ಕೆ.ಜಿ. ಎತ್ತಿದ. ಭಾರವನ್ನು ಮೊದಲು ಹೆಗಲಿಗೆ, ಅಲ್ಲಿಂದ ತಲೆಯ ಮೇಲಕ್ಕೆ ಒಯ್ಯುವ ಕ್ಲೀನ್ ಅಂಡ್ ಜರ್ಕ್‌ನ ಮೊದಲ ಎರಡು ಯತ್ನಗಳು ಕೈಕೊಟ್ಟವು. ಮೂರನೆಯದೂ ತಪ್ಪಿದ್ದರೆ ಒಟ್ಟು ಲೆಕ್ಕವೇ ಇಲ್ಲ, ಎತ್ತಿದ 111 ಕೂಡ ವ್ಯರ್ಥ. ಆ ಮೂರನೆಯ ಯತ್ನದಲ್ಲಿ 138 ಮೇಲೆ ನಿಂತಿತು, ದೇಹತೂಕದ ಹತ್ತಿರಹತ್ತಿರ ಎರಡೂವರೆ ಪಟ್ಟು. ಒಟ್ಟು 249. ಮಲೇಷ್ಯಾದ ಇಜಾರ್ ಅಹ್ಮದ್ 261ರೊಂದಿಗೆ ಮುಂದಿದ್ದರು. ಶ್ರೀಲಂಕಾದ ಲಕ್ಮಲ್ 248ಕ್ಕೆ ನಿಂತರು. ಆ ಕೂಟದಲ್ಲಿ ಭಾರತದ ಮೊದಲ ಪದಕ, ಒಂದು ಕೆ.ಜಿ. ಅಂತರದ ಬೆಳ್ಳಿ, ಹೀಗೆ ಕುಂದಾಪುರದ ಕಡೆಗೆ ಬಂತು.

ಅದೇ ವರ್ಷ ಅಂತರರಾಷ್ಟ್ರೀಯ ವೇಟ್‌ಲಿಫ್ಟಿಂಗ್ ಒಕ್ಕೂಟ ತೂಕದ ವಿಭಾಗಗಳನ್ನು ಬದಲಿಸಿ 56 ಕೆ.ಜಿ.ಯನ್ನು ತೆಗೆದುಹಾಕಿತು. ಕೆಳಗೆ ಇದ್ದದ್ದು 55, ಮೇಲೆ 61. ಒಲಿಂಪಿಕ್ಸ್‌ಗೆ ಉಳಿದದ್ದು 61 ಮಾತ್ರ. ಐದು ಕೆ.ಜಿ. ಅಂದರೆ ಬರೀ ಊಟ ಹೆಚ್ಚಿಸಿದರೆ ತೀರುವ ಲೆಕ್ಕವಲ್ಲ. ಹೊಸ ತೂಕವೆಲ್ಲ ಸ್ನಾಯುವಾಗಬೇಕು, ಮೊದಲಿನ ಚುರುಕು ಉಳಿಯಬೇಕು, ಎದುರಾಳಿಗಳೂ ಬೇರೆ. ಬೆಳ್ಳಿ ಗೆದ್ದವನ ‘ಮುಂದಿನ ಅಂಕ’ವನ್ನು ಮತ್ತೊಮ್ಮೆ ಮೊದಲಿನಿಂದ ಬರೆಯಬೇಕಾಯಿತು.

2022ರ ಜುಲೈ 30, ಬರ್ಮಿಂಗ್‌ಹ್ಯಾಮ್‌ನ ಕಾಮನ್‌ವೆಲ್ತ್ ಕ್ರೀಡಾಕೂಟ, 61 ಕೆ.ಜಿ. ವಿಭಾಗ. ಸ್ನ್ಯಾಚ್‌ನಲ್ಲಿ 118. ಕ್ಲೀನ್ ಅಂಡ್ ಜರ್ಕ್‌ನಲ್ಲಿ 148 ಆದಮೇಲೆ ಕೊನೆಯ ಯತ್ನಕ್ಕೆ 151. ಒಟ್ಟು 269, ಕಂಚು. ಕೆನಡಾದ ಯೂರಿ ಸಿಮಾರ್ಡ್ 268 ಎತ್ತಿ ಬರಿಗೈಯಲ್ಲಿ ಹೋದರು. ನಾಲ್ಕು ವರ್ಷ, ಎರಡು ವಿಭಾಗ, ಎರಡೂ ಪದಕ ಒಂದೊಂದು ಕೆ.ಜಿ. ಅಂತರದಲ್ಲಿ, ಎರಡೂ ಬಾರಿ ಕೊನೆಯ ಯತ್ನದಲ್ಲಿ. ಇದನ್ನು ಅದೃಷ್ಟ ಎನ್ನಲು ನನಗೆ ಮನಸ್ಸಿಲ್ಲ. ಒಮ್ಮೆಯಾದರೆ ಹಾಗೆನ್ನಬಹುದಿತ್ತು. ತೂಕ, ಎತ್ತರ, ಕೀಲುಗಳ ಸಡಿಲ ಎಲ್ಲವನ್ನೂ ಉಜಿರೆಯ ಅಂಗಳದಲ್ಲಿ ಅಳೆಯಬಹುದು. ಕೊನೆಯ ಯತ್ನಕ್ಕೆ ಕೈಗೆ ಸುಣ್ಣದಂಥ ಪುಡಿ ಬಳಿದುಕೊಂಡು ವೇದಿಕೆ ಏರುವವನ ಎದೆಯನ್ನು 2010ರಲ್ಲಿ ಯಾರೂ ಅಳೆಯಲಾರರು; ಅಂಕಪಟ್ಟಿ ಬರೆಯುವ ಅಮೆರಿಕದವರಿಗೂ ಅದು ಆಗದ ಕೆಲಸ.

2025ರ ಜೂನ್‌ನಿಂದ 61 ಕೆ.ಜಿ. ವಿಭಾಗವೂ ಇಲ್ಲ, ಪುರುಷರ ಮೊದಲ ಮೆಟ್ಟಿಲು ಈಗ 60. ವಂಡ್ಸೆಯ ಕಡೆಯ ಇನ್ನೊಬ್ಬ ಕುಳ್ಳ ಹುಡುಗ ಬಂದರೆ, ಅವನನ್ನು ಗುರುರಾಜನ ಲೆಕ್ಕದಲ್ಲಿ ಅಳೆಯುವಂತಿಲ್ಲ.