ಸಣ್ಣ ವ್ಯಾಪಾರಿಗಳ ಪಾವತಿ ವ್ಯವಸ್ಥೆ: ಭದ್ರತಾ ಪ್ರಮಾಣಪತ್ರದ ಹೊಂದಾಣಿಕೆ ಪರಿಶೀಲನೆ

ಪೀಠಿಕೆ

ಅಂಗಡಿ, ಔಷಧಿ ಮಳಿಗೆ, ಉಪಾಹಾರ ಗೃಹ ಮೊದಲಾದೆಡೆ ಕಾರ್ಡ್ ಸ್ವೈಪಿಂಗ್ ಯಂತ್ರ, ಬಿಲ್ಲಿಂಗ್ ಗಣಕಯಂತ್ರ ಅಥವಾ ಜಾಲತಾಣದ ಮೂಲಕ ಹಣ ಸ್ವೀಕರಿಸುವಾಗ, ಆ ಸಾಧನವು ಮೊದಲು ಪಾವತಿ ಸಂಸ್ಥೆಯ ಸರ್ವರ್‌ನ ಗುರುತನ್ನು ಖಚಿತಪಡಿಸಿಕೊಳ್ಳುತ್ತದೆ. ಈ ಗುರುತಿನ ದಾಖಲೆಯೇ ಭದ್ರತಾ ಪ್ರಮಾಣಪತ್ರ. ಅದನ್ನು ನೀಡಿದ ಪ್ರಾಧಿಕಾರದ ಮೂಲ ಪ್ರಮಾಣಪತ್ರವು ಸಾಧನದ ವಿಶ್ವಾಸಾರ್ಹ ಪಟ್ಟಿಯಲ್ಲಿ ಇಲ್ಲದಿದ್ದಲ್ಲಿ ಸಂಪರ್ಕ ಏರ್ಪಡುವುದಿಲ್ಲ, ಪಾವತಿಯೂ ನಡೆಯುವುದಿಲ್ಲ.

ಪರಿಶೀಲನೆಯ ಅಗತ್ಯ

ಪಾವತಿ ಸಂಸ್ಥೆಯು ಪ್ರಮಾಣಪತ್ರವನ್ನು ಬದಲಾಯಿಸಿದಾಗ, ನಿನ್ನೆಯವರೆಗೆ ಸರಿಯಾಗಿದ್ದ ಹಳೆಯ ಯಂತ್ರವು ಇಂದು ಸ್ಥಗಿತಗೊಳ್ಳಬಹುದು. 2021ರ ಸೆಪ್ಟೆಂಬರ್ 30ರಂದು, ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಪ್ರಮಾಣಪತ್ರಗಳಿಗೆ ಆಧಾರವಾಗಿದ್ದ ಒಂದು ಮೂಲ ಪ್ರಮಾಣಪತ್ರದ ಅವಧಿ ಮುಗಿದಾಗ, ನವೀಕರಣಗೊಳ್ಳದ ಅನೇಕ ಸಾಧನಗಳು ಸುರಕ್ಷಿತ ಜಾಲತಾಣಗಳನ್ನೇ ತಿರಸ್ಕರಿಸಿದವು.

ಜಾಲತಾಣಗಳ ಪ್ರಮಾಣಪತ್ರದ ಗರಿಷ್ಠ ಅವಧಿಯನ್ನು 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100 ದಿನ ಹಾಗೂ 2029ರ ಮಾರ್ಚ್ 15ರಿಂದ 47 ದಿನಗಳಿಗೆ ನಿಗದಿಪಡಿಸಲಾಗಿದೆ. ಆದುದರಿಂದ ವರ್ಷಕ್ಕೊಮ್ಮೆ ಪರಿಶೀಲಿಸಿದರೆ ಸಾಲದು.

ಪರಿಶೀಲಿಸಬೇಕಾದ ಅಂಶಗಳು

1. ಹಣ ಸ್ವೀಕರಿಸುವ ಎಲ್ಲ ಸಾಧನಗಳ ಮಾದರಿ ಹಾಗೂ ತಂತ್ರಾಂಶದ ಆವೃತ್ತಿಯನ್ನು ಪಟ್ಟಿ ಮಾಡತಕ್ಕದ್ದು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ತಯಾರಕರ ಸಾಮಾನ್ಯ ಬೆಂಬಲ ಕೊನೆಗೊಂಡಿದೆ.

2. ಸಾಧನದ ದಿನಾಂಕ ಮತ್ತು ಸಮಯ ಸರಿಯಾಗಿರಬೇಕು. ಗಡಿಯಾರ ತಪ್ಪಾಗಿದ್ದರೆ ಊರ್ಜಿತವಾದ ಪ್ರಮಾಣಪತ್ರವೂ ಅವಧಿ ಮೀರಿದಂತೆ ತೋರಬಹುದು.

3. ಸಂಪರ್ಕವು ಟಿ.ಎಲ್.ಎಸ್. 1.2 ಅಥವಾ ನಂತರದ ಆವೃತ್ತಿಯಲ್ಲಿರಬೇಕು. 1.0 ಮತ್ತು 1.1 ಆವೃತ್ತಿಗಳ ಬಳಕೆಯನ್ನು ಅಂತರ್ಜಾಲ ಮಾನಕ ಸಂಸ್ಥೆಯು 2021ರಲ್ಲಿ ಕೈಬಿಡಲು ಸೂಚಿಸಿದೆ.

4. ಪ್ರಮಾಣಪತ್ರ ಬದಲಾಗುವ ದಿನಾಂಕ ಹಾಗೂ ಹೊಸ ಮೂಲ ಪ್ರಮಾಣಪತ್ರದ ವಿವರಗಳನ್ನು ಪಾವತಿ ಸಂಸ್ಥೆಯಿಂದ ಲಿಖಿತವಾಗಿ ಪಡೆದು, ಆ ದಿನಾಂಕಕ್ಕೆ ಮೊದಲೇ ಸಂಸ್ಥೆಯ ಪರೀಕ್ಷಾ ಸರ್ವರ್‌ನಲ್ಲಿ ಪ್ರತಿ ಸಾಧನವನ್ನೂ ಪರೀಕ್ಷಿಸುವುದು.

5. ಸ್ವಂತ ಜಾಲತಾಣವಿದ್ದಲ್ಲಿ, ಮಧ್ಯಂತರ ಪ್ರಮಾಣಪತ್ರವನ್ನೂ ಸರ್ವರ್‌ನಲ್ಲಿ ಅಳವಡಿಸಿರಬೇಕು. ಇದನ್ನು ಬಿಟ್ಟರೆ ಗಣಕಯಂತ್ರದಲ್ಲಿ ತೆರೆಯುವ ಪುಟವು ಕೆಲವು ಮೊಬೈಲ್‌ಗಳಲ್ಲಿ ತೆರೆಯದಿರಬಹುದು.

ಎಚ್ಚರಿಕೆ

ಪಾವತಿ ನಿಂತಾಗ, ಪ್ರಮಾಣಪತ್ರದ ಪರಿಶೀಲನೆಯನ್ನೇ ನಿಷ್ಕ್ರಿಯಗೊಳಿಸಿ ವ್ಯಾಪಾರ ಮುಂದುವರಿಸುವುದು ಅಪಾಯಕಾರಿ. ಹೀಗೆ ಮಾಡಿದಲ್ಲಿ ಪಾವತಿ ಸಂಸ್ಥೆಯ ಸೋಗಿನಲ್ಲಿರುವ ಬೇರೆ ಸರ್ವರ್‌ಗೆ ಗ್ರಾಹಕರ ವಿವರಗಳು ತಲುಪಬಹುದು. ದೋಷ ಸರಿಹೋಗುವವರೆಗೆ ನಗದು ಅಥವಾ ಬೇರೊಂದು ಅಧಿಕೃತ ವಿಧಾನದಲ್ಲಿ ಹಣ ಪಡೆಯುವುದು ಸೂಕ್ತ.

ಪ್ರಮಾಣಪತ್ರ ನವೀಕರಣದ ನೆಪದಲ್ಲಿ ದೂರವಾಣಿ ಕರೆ ಮಾಡಿ ಪಿನ್, ಒ.ಟಿ.ಪಿ. ಕೇಳುವವರಿಗೆ ಅಥವಾ ದೂರನಿಯಂತ್ರಣ ತಂತ್ರಾಂಶ ಅಳವಡಿಸಲು ಹೇಳುವವರಿಗೆ ಸ್ಪಂದಿಸಬಾರದು. ವಂಚನೆಗೆ ಒಳಗಾದಲ್ಲಿ ಕೂಡಲೇ ಬ್ಯಾಂಕಿಗೆ ತಿಳಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ದೂರು ಸಲ್ಲಿಸತಕ್ಕದ್ದು.