ತರಗೆಲೆಯ ಕೆಳಗಿನ ದುಡಿಮೆ



ಕಳೆದ ಬೇಸಿಗೆಯಲ್ಲಿ ನಾವು ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಲ್ಲಿ ಒಂದು ಮನೆಯನ್ನು ಆಶೀರ್ವದಿಸಲು ಹೋಗಿದ್ದೆವು. ಹಿತ್ತಲಿನಲ್ಲಿ ಹೊಂಗೆಮರದ ತರಗೆಲೆಯನ್ನು ಗುಡಿಸಿ, ಗುಡ್ಡೆ ಹಾಕಿ, ಬೆಂಕಿ ಹಚ್ಚಲು ಸಿದ್ಧತೆ ನಡೆದಿತ್ತು. ಗುಡ್ಡೆಯ ಬುಡದಿಂದ ಕಪ್ಪು ಇರುವೆಗಳು ಬಿಳಿಯ ಕಾಳುಗಳಂಥದ್ದನ್ನು ಬಾಯಲ್ಲಿ ಕಚ್ಚಿಕೊಂಡು ಓಡುತ್ತಿದ್ದವು. ಮನೆಯ ಹುಡುಗ ಕೇಳಿದ: "ಫಾದರ್, ಇವು ಇದ್ದರೆಷ್ಟು, ಸತ್ತರೆಷ್ಟು? ಇವುಗಳಿಂದ ಯಾರಿಗೆ ಏನು ಉಪಯೋಗ?" ಅಜ್ಜಿ ಗದರಿದರು: "ದೇವರು ಸುಮ್ಮಸುಮ್ಮನೆ ಯಾವುದನ್ನೂ ಮಾಡಲ್ಲ ಕಣೋ!"

ಅಜ್ಜಿಯ ಮಾತು ಸರಿ. ಆದರೆ ಹುಡುಗನ ಪ್ರಶ್ನೆಗೆ ಅಷ್ಟೇ ಉತ್ತರ ಸಾಲದು. ಜ್ಞಾನೋಕ್ತಿಗಳ ಆರನೆಯ ಅಧ್ಯಾಯವು ಸೋಮಾರಿಯನ್ನು ಇರುವೆಯ ಬಳಿಗೆ ಪಾಠ ಕಲಿಯಲು ಕಳುಹಿಸುತ್ತದೆ. ಇರುವೆ ದುಡಿಯುತ್ತದೆ ಎಂಬುದು ನಮಗೆಲ್ಲ ಗೊತ್ತು. ಅದು ಯಾವ ಕೆಲಸ ಮಾಡುತ್ತದೆ, ಅದಿಲ್ಲದಿದ್ದರೆ ಆ ಕೆಲಸವನ್ನು ಯಾರು ಮಾಡುತ್ತಾರೆ ಎಂದು ನಾವು ವಿಚಾರಿಸಿದ್ದೇವೆಯೇ?

ರಾಜಘಟ್ಟದಲ್ಲಿ ಘಟ್ಟ ಇರುವುದು ಹೆಸರಿನಲ್ಲಿ ಮಾತ್ರ. ಇದು ರಾಗಿ ಹೊಲಗಳ ಬಯಲುಸೀಮೆ. ಇರುವೆಗಳ ದುಡಿಮೆಯನ್ನು ಅದರ ಪೂರ್ಣ ರೂಪದಲ್ಲಿ ಕಾಣಬೇಕಾದರೆ ನಿಜವಾದ ಘಟ್ಟಕ್ಕೆ, ಅಂದರೆ ಪಶ್ಚಿಮ ಘಟ್ಟದ ಮಳೆಕಾಡಿಗೆ ಹೋಗಬೇಕು. ಅಲ್ಲಿ ನೆಲವೇ ಕಾಣುವುದಿಲ್ಲ. ಎಲೆಯ ಮೇಲೆ ಎಲೆ ಬಿದ್ದು ಒದ್ದೆ ಹಾಸಿಗೆಯಾಗಿರುತ್ತದೆ. ಆ ಹಾಸಿಗೆಯಲ್ಲಿ ಬಗೆಬಗೆಯ ಇರುವೆಗಳು ಒಟ್ಟಿಗೆ ಬಾಳುತ್ತವೆ. ಭಾರತದಲ್ಲಿ 800ಕ್ಕೂ ಹೆಚ್ಚು ಜಾತಿಯ ಇರುವೆಗಳನ್ನು ಗುರುತಿಸಲಾಗಿದೆ.

ಇಷ್ಟೊಂದು ಬಗೆಯವು ಒಂದೇ ನೆಲದಲ್ಲಿ ಹೇಗೆ ಬದುಕುತ್ತವೆ? ಅವು ಜಗಳವಾಡುವುದಿಲ್ಲ ಎಂದಲ್ಲ. ಚಿಗಳಿ ಇರುವೆ ತಾನಿರುವ ಮರಕ್ಕೆ ಬೇರೆಯವರನ್ನು ಸುಲಭವಾಗಿ ಬಿಟ್ಟುಕೊಳ್ಳುವುದಿಲ್ಲ. ಆದರೆ ಆಹಾರ, ಹೊತ್ತು, ಜಾಗ ಇವುಗಳಲ್ಲಿ ಪಾಲು ಬೇರೆ ಬೇರೆಯಾಗಿದೆ. ಕೆಲವು ಹಗಲು ಹೊರಡುತ್ತವೆ, ಕೆಲವು ರಾತ್ರಿ. ಕೆಲವು ಬೀಜ ಹೊರುತ್ತವೆ, ಕೆಲವು ಸತ್ತ ಹುಳುಗಳನ್ನು ಎಳೆಯುತ್ತವೆ. ಸಾಸಿವೆಗಿಂತ ದೊಡ್ಡದಿಲ್ಲದ ಕೆಲವು ಇರುವೆಗಳು ಎಲೆಗಳ ಸಂದಿಯಲ್ಲಿಯೇ ಬೇಟೆಯಾಡುತ್ತವೆ.

ಎರಡು ಉದಾಹರಣೆಗಳನ್ನು ನೋಡೋಣ. ಲೆಪ್ಟೊಜೆನಿಸ್ ಎಂಬ ಕಪ್ಪು ಇರುವೆಗಳು ಸಾಲುಗಟ್ಟಿ ಗೆದ್ದಲು ಬೇಟೆಗೆ ಹೊರಡುತ್ತವೆ. ಅವುಗಳ ದಾರಿ ಮರದ ಕೊಂಬೆಗಳಂತೆ ಕವಲೊಡೆಯುವುದೇಕೆ ಎಂಬ ಪ್ರಶ್ನೆಯನ್ನು ಕೆ.ಎನ್. ಗಣೇಶಯ್ಯ ಮತ್ತು ವೀಣಾ ಅವರು ಅಧ್ಯಯನ ಮಾಡಿ 1991ರಲ್ಲಿ ಪ್ರಕಟಿಸಿದರು. ಇನ್ನೊಂದು, ಜಿಗಿಯುವ ಇರುವೆ ಹಾರ್ಪೆಗ್ನಾಥಸ್. ಇದನ್ನು 1851ರಲ್ಲಿ ಜೆರ್ಡನ್ ಎಂಬುವರು ವಿಜ್ಞಾನಕ್ಕೆ ಪರಿಚಯಿಸಿದರು. ದೊಡ್ಡ ಕಣ್ಣುಗಳ ಈ ಇರುವೆ ಹಗಲಿನಲ್ಲಿ ಒಂಟಿಯಾಗಿ ಹೊರಟು, ಕಂಡ ಬೇಟೆಯ ಮೇಲೆ ಜಿಗಿಯುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಇರುವೆ ತಜ್ಞ ಮುಸ್ತಾಕ್ ಅಲಿ ಅವರೂ ಸೇರಿದ್ದ ತಂಡವೊಂದು ಇದರ ಗೂಡನ್ನು ಅಗೆದು ನೋಡಿ 1994ರಲ್ಲಿ ವರದಿ ಮಾಡಿತು. ಕೋಣೆಗೆ ಕಮಾನಿನಂಥ ಛಾವಣಿ. ಮಳೆನೀರು ಒಳಗೆ ನುಗ್ಗದಂತೆ ಕೋಣೆಯ ಸುತ್ತ ಖಾಲಿ ಜಾಗ. ಒಳಗೋಡೆಗೆ ಮರಿಗಳು ಬಿಟ್ಟುಹೋದ ಒಣ ಕೋಶಗಳ ಚೂರುಗಳ ಹೊದಿಕೆ. ಮಲೆನಾಡಿನ ಮುಂಗಾರನ್ನು ತಡೆದುಕೊಳ್ಳುವ ಮನೆ!

ಈ ದುಡಿಮೆಯಿಂದ ಕಾಡಿಗೇನು ಲಾಭ? ಇರುವೆಗಳು ಗೂಡು ತೋಡುವಾಗ ಒಳಮಣ್ಣು ಮೇಲೆ ಬರುತ್ತದೆ. ಆ ಸುರಂಗಗಳಿಂದ ಗಾಳಿ, ನೀರು ಕೆಳಗಿಳಿಯುತ್ತವೆ. ಕೆಲವು ಗಿಡಗಳ ಬೀಜಕ್ಕೆ ಎಣ್ಣೆಯಂಶವಿರುವ ಸಣ್ಣ ತುಣುಕು ಅಂಟಿಕೊಂಡಿರುತ್ತದೆ. ಇರುವೆ ಅದರ ಆಸೆಗೆ ಬೀಜವನ್ನು ಹೊತ್ತೊಯ್ದು, ತುಣುಕನ್ನು ತಿಂದು, ಬೀಜವನ್ನು ಬಿಟ್ಟುಬಿಡುತ್ತದೆ. ಅಲ್ಲಿ ಹೊಸ ಗಿಡ ಮೊಳೆಯುತ್ತದೆ. ಸತ್ತದ್ದನ್ನು ಗೂಡಿಗೆ ಎಳೆದೊಯ್ಯುವುದರಿಂದ ಅದರ ಸತ್ವ ಮಣ್ಣಿಗೆ ಸೇರುತ್ತದೆ.

"ಸತ್ತರೆಷ್ಟು?" ಎಂಬ ಹುಡುಗನ ಪ್ರಶ್ನೆಗೆ ನೇರ ಉತ್ತರ ಬೋರ್ನಿಯೋ ದ್ವೀಪದಿಂದ ಬಂದಿದೆ. ಅಲ್ಲಿನ ಮಾಲಿಯಾವ್ ಮಳೆಕಾಡಿನ ಕೆಲವು ತುಂಡು ನೆಲದಲ್ಲಿ ವಿಜ್ಞಾನಿಗಳು ಇರುವೆಗಳನ್ನು ಬಹುಮಟ್ಟಿಗೆ ಇಲ್ಲವಾಗಿಸಿ, ನೆಲದ ಮೇಲೆ ಆಹಾರವನ್ನಿಟ್ಟು ಕಾದರು. 2018ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ನೆಲದ ಮೇಲಿನ ಆಹಾರವನ್ನು ತೆರವು ಮಾಡುವ ಕೆಲಸದಲ್ಲಿ ಶೇಕಡ 52ರಷ್ಟು ಇರುವೆಗಳದ್ದೇ. ಇರುವೆಗಳು ಹೋದ ಮೇಲೆ ಇತರ ಹುಳುಗಳಾಗಲಿ ಪ್ರಾಣಿಗಳಾಗಲಿ ಆ ಕೆಲಸವನ್ನು ವಹಿಸಿಕೊಳ್ಳಲಿಲ್ಲ. ಕೆಲಸ ಹಾಗೆಯೇ ಉಳಿಯಿತು.

ಭೂಮಿಯ ಮೇಲಿನ ಇರುವೆಗಳ ಸಂಖ್ಯೆ ಸುಮಾರು 20,000 ಲಕ್ಷಕೋಟಿ ಎಂದು 2022ರ ಅಧ್ಯಯನವೊಂದು ಅಂದಾಜು ಮಾಡಿದೆ. ಇಷ್ಟೊಂದಿರುವಾಗ ನಮ್ಮ ಹಿತ್ತಲಿನ ಒಂದು ಗೂಡು ಸುಟ್ಟರೆ ಏನಾದೀತು ಎನ್ನಿಸಬಹುದು. ಆದರೆ ಬೋರ್ನಿಯೋದಲ್ಲಿ ಕೆಲಸ ನಿಂತದ್ದು ಇರುವೆಗಳು ಹೋದ ಆ ತುಂಡು ನೆಲದಲ್ಲಿಯೇ. ನಮ್ಮ ಹಿತ್ತಲಿನ ಕೆಲಸಕ್ಕೂ ನಮ್ಮ ಹಿತ್ತಲಿನ ಇರುವೆಗಳೇ ಬೇಕು.

ಬಯಲುಸೀಮೆಯ ಇರುವೆಗಳೂ ಕಡಿಮೆ ಜಾಣರಲ್ಲ. ಡಯಕಮ್ಮ ಎಂಬ ದೊಡ್ಡ ಕಪ್ಪು ಇರುವೆ ಗೂಡಿನ ಬಾಯಿಯ ಸುತ್ತ ಹಕ್ಕಿಯ ಪುಕ್ಕಗಳನ್ನು ತಂದಿಡುತ್ತದೆ. ರಾತ್ರಿಯ ಇಬ್ಬನಿ ಪುಕ್ಕಗಳ ಮೇಲೆ ಹನಿಗಟ್ಟುತ್ತದೆ. ಮಳೆಯಿಲ್ಲದ ದಿನಗಳಲ್ಲಿ ಅದೇ ಗೂಡಿಗೆ ಕುಡಿಯುವ ನೀರು. 1985ರಲ್ಲಿ ಪ್ರಕಟವಾದ ಈ ಸಂಗತಿ ಭಾರತದ ಇರುವೆಗಳದ್ದೇ. ನೀರಿಗಾಗಿ ಕೊಳವೆಬಾವಿಯನ್ನು ಇನ್ನಷ್ಟು ಆಳಕ್ಕೆ ಕೊರೆಸುವ ನಾವು ಇದನ್ನು ಕೇಳಿ ಒಂದು ಕ್ಷಣ ನಿಲ್ಲಬೇಕು.

ಅಂಗಳ ಗುಡಿಸಬೇಡಿ, ಸಕ್ಕರೆ ಡಬ್ಬಿಯನ್ನು ಇರುವೆಗೆ ಬಿಡಿ ಎಂದು ನಾವು ಹೇಳುತ್ತಿಲ್ಲ. ಹಿಟ್ಟುತಿಗಣೆಯನ್ನು ಕಾಪಾಡುವ ಇರುವೆಗಳಿಂದ ಬೆಳೆಗೆ ಆಗುವ ತೊಂದರೆ ರೈತ ಕುಟುಂಬಗಳಿಗೆ ಗೊತ್ತೇ ಇದೆ. ಆದರೆ ಮರದ ಬುಡದಲ್ಲಿ ಬಿದ್ದ ಎಲೆಗೆ ಬೆಂಕಿಯಿಡಬೇಕಾಗಿಲ್ಲ. ಅದು ಗೊಬ್ಬರವೂ ಹೌದು, ಮನೆಯೂ ಹೌದು.

ಅಂದು ಆ ಹಿತ್ತಲಿನಲ್ಲಿ ಬೆಂಕಿ ಹಚ್ಚಲಿಲ್ಲ. ಎಲೆಯನ್ನು ಮರದ ಬುಡಕ್ಕೇ ಮರಳಿ ಸುರಿದರು. ಇರುವೆಗಳ ಬಾಯಲ್ಲಿದ್ದದ್ದು ಮೊಟ್ಟೆ ಎಂದುಕೊಂಡಿದ್ದ ಹುಡುಗನಿಗೆ, ಕಣ್ಣಿಗೆ ಎದ್ದು ಕಾಣುವ ಅಂಥವು ಬಹುಮಟ್ಟಿಗೆ ಮರಿಹುಳುಗಳು ಮತ್ತು ಕೋಶಗಳು ಎಂದು ತಿಳಿಸಿದೆವು. ಅಂದರೆ ಅವು ಓಡುತ್ತಿದ್ದುದು ತಮ್ಮ ಮಕ್ಕಳನ್ನು ಎತ್ತಿಕೊಂಡು. ಅವನು ಮತ್ತೆ ಪ್ರಶ್ನೆ ಕೇಳಲಿಲ್ಲ. ಕುಕ್ಕರಗಾಲಿನಲ್ಲಿ ಕೂತು ನೋಡುತ್ತಿದ್ದ. ನಮ್ಮ ಮನೆಗಳ ಮಕ್ಕಳನ್ನೂ ಒಂದು ಸಂಜೆ ಹಾಗೆ ಕೂರಿಸೋಣ. ಪಕ್ಕದಲ್ಲಿ ನಾವೂ ಕೂರೋಣ.