ಯಂತ್ರ ಬಲ್ಲವರಿಗೆ ಜನರನ್ನು ನಡೆಸುವ ಶಿಕ್ಷಣ

ಪ್ರತಿ ವರ್ಷವೂ ನಮ್ಮ ನಾಡಿನ ಇಂಜನಿಯರಿಂಗ್ ಕಾಲೇಜುಗಳಿಂದ ಸಾವಿರಾರು ಮಂದಿ ತರುಣರು ಪದವೀಧರರಾಗಿ ಹೊರಬರುತ್ತಿರುವುದು ಸಂತೋಷದ ಸಂಗತಿಯೇ ಸರಿ. ಯಂತ್ರದ ಒಡಲನ್ನು ಬಿಚ್ಚಿ ಜೋಡಿಸಲು, ಸೇತುವೆಯ ಭಾರವನ್ನು ಲೆಕ್ಕಹಾಕಲು, ಕಂಪ್ಯೂಟರಿಗೆ ಬೇಕಾದ ಆಜ್ಞಾಸರಣಿಯನ್ನು ಬರೆಯಲು ಇವರು ಸಮರ್ಥರು. ಇವರಲ್ಲಿ ಚುರುಕಾದವನೊಬ್ಬನು ನಾಲ್ಕಾರು ವರ್ಷ ತನ್ನ ಕೆಲಸವನ್ನು ಲೇಸಾಗಿ ಮಾಡಿದನೆಂದರೆ, ಮೇಲಿನವರು ಮೆಚ್ಚಿ ಬಡ್ತಿಯನ್ನು ಕೊಟ್ಟು, ಹತ್ತು ಹದಿನೈದು ಮಂದಿಯ ಮೇಲೆ ಅವನನ್ನು ಯಜಮಾನನನ್ನಾಗಿ ಕೂರಿಸುತ್ತಾರೆ. ನಿನ್ನೆಯವರೆಗೆ ಯಂತ್ರದೊಡನೆ ವ್ಯವಹರಿಸುತ್ತಿದ್ದವನು ಇಂದಿನಿಂದ ಮನುಷ್ಯರೊಡನೆ ವ್ಯವಹರಿಸಬೇಕು. ಈ ಹೊಸ ವಿದ್ಯೆಯನ್ನು ಅವನಿಗೆ ಕಲಿಸಿದವರು ಯಾರು?

ಬಹುತೇಕ ಕಡೆಗಳಲ್ಲಿ ಯಾರೂ ಕಲಿಸಿಲ್ಲವೆಂಬುದೇ ಉತ್ತರ. ಕೈಕೆಳಗಿನವನು ತಪ್ಪಿದಾಗ ಹೇಗೆ ತಿದ್ದಬೇಕು, ಇಬ್ಬರ ನಡುವಣ ಮನಸ್ತಾಪವನ್ನು ಹೇಗೆ ಪರಿಹರಿಸಬೇಕು, ಚೆನ್ನಾಗಿ ದುಡಿದವನಿಗೆ ಯಾವಾಗ ಶಹಬಾಸ್ ಎನ್ನಬೇಕು, ಎಲ್ಲವನ್ನೂ ತಾನೇ ಮಾಡಿಬಿಡುವ ಚಪಲವನ್ನಡಗಿಸಿ ಇತರರಿಗೆ ಹೇಗೆ ವಹಿಸಿಕೊಡಬೇಕು, ಇವೊಂದೂ ಅವನು ಓದಿದ ಪುಸ್ತಕಗಳಲ್ಲಿರಲಿಲ್ಲ. ಮೇನೇಜ್‌ಮೆಂಟ್ ಎಂಬ ಹೆಸರಿನ ವಿಷಯವೊಂದು ಕಾಲೇಜಿನ ಪಾಠಪಟ್ಟಿಯಲ್ಲಿರುವುದುಂಟು. ಆದರೆ ಪರೀಕ್ಷೆಗಾಗಿ ಓದಿ ಪರೀಕ್ಷೆಯೊಡನೆ ಮರೆಯುವ ವಿಷಯಗಳ ಸಾಲಿಗೆ ಅದೂ ಸೇರಿದೆ. ಹೀಗಾಗಿ ಸಂಸ್ಥೆಯು ಒಬ್ಬ ಒಳ್ಳೆಯ ಕುಶಲಿಯನ್ನು ಕಳೆದುಕೊಂಡು ಒಬ್ಬ ಕೆಟ್ಟ ಮೇಲಧಿಕಾರಿಯನ್ನು ಸಂಪಾದಿಸಿದಂತಾಗುತ್ತದೆ. ಇದರ ಕಷ್ಟವು ಅವನೊಬ್ಬನಿಗೇ ಅಲ್ಲ, ಅವನ ಕೆಳಗೆ ದುಡಿಯುವ ಹತ್ತು ಸಂಸಾರಗಳಿಗೂ ತಟ್ಟುತ್ತದೆ.

ಜನರನ್ನು ನಡೆಸುವ ಜಾಣ್ಮೆ ಹುಟ್ಟುಗುಣ, ಅದು ಕಲಿತು ಬರುವಂಥದಲ್ಲವೆಂದು ವಾದಿಸುವ ಮಹನೀಯರುಂಟು. ಅಂಥವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ನಡೆದುದನ್ನು ಅವಲೋಕಿಸಬೇಕು. ಆ ದೇಶದ ಕಾರ್ಖಾನೆಗಳು ಯುದ್ಧಸಾಮಗ್ರಿಯ ತಯಾರಿಕೆಗೆ ತೊಡಗಿದಾಗ ಹಳಬರು ಸಾಲದೆ, ಯಂತ್ರವನ್ನೇ ಕಾಣದ ಹೊಸಬರನ್ನು ಲಕ್ಷಗಟ್ಟಲೆ ಸೇರಿಸಿಕೊಳ್ಳಬೇಕಾಯಿತು. ಅವರನ್ನು ನಡೆಸಲು ಮೇಲ್ವಿಚಾರಕರೂ ಅಷ್ಟೇ ಬೇಗ ಸಿದ್ಧರಾಗಬೇಕಾಗಿತ್ತು. ಆಗ, 1940ರಲ್ಲಿ, ಅಲ್ಲಿನ ಸರಕಾರದವರು ‘ಟ್ರೇನಿಂಗ್ ವಿದಿನ್ ಇಂಡಸ್ಟ್ರಿ’ ಎಂಬ ಶಾಖೆಯನ್ನು ತೆರೆದು ಚಾನಿಂಗ್ ಡೂಲಿ ಎಂಬವರಿಗೆ ಅದನ್ನು ವಹಿಸಿದರು. ಮೇಲ್ವಿಚಾರಕನಿಗೆ ಐದು ಅವಶ್ಯವೆಂಬುದು ಈ ಶಾಖೆಯವರ ಮತ: ಕೆಲಸದ ಅರಿವು, ಹೊಣೆಯ ಅರಿವು, ಇತರರಿಗೆ ಕಲಿಸುವ ಚಾತುರ್ಯ, ಕೆಲಸದ ಕ್ರಮವನ್ನು ಸುಧಾರಿಸುವ ಚಾತುರ್ಯ, ಜನರನ್ನು ನಡೆಸುವ ಚಾತುರ್ಯ. ಮೊದಲಿನ ಎರಡನ್ನು ಆಯಾ ಕಾರ್ಖಾನೆಯೇ ತಿಳಿಸಿಕೊಡಬೇಕು. ಉಳಿದ ಮೂರು ಅಭ್ಯಾಸದಿಂದ ಬರತಕ್ಕವು.

ಜನರನ್ನು ನಡೆಸುವ ಪಾಠಕ್ಕೆ ಅವರು ಕೊಟ್ಟ ಕಾಲ ಒಟ್ಟು 10 ಗಂಟೆ ಮಾತ್ರ. ಎರಡೆರಡು ಗಂಟೆಯಂತೆ ಐದು ಬೈಠಕ್ಕುಗಳು. ಸುಮಾರು ಹತ್ತು ಮಂದಿಯ ಚಿಕ್ಕ ಗುಂಪು. ಪ್ರತಿಯೊಬ್ಬನೂ ತನ್ನ ಕಾರ್ಖಾನೆಯಲ್ಲಿ ತನಗೆ ಎದುರಾಗಿರುವ ನಿಜವಾದ ತೊಡಕೊಂದನ್ನು ತಂದು ಸಭೆಯ ಮುಂದಿಡಬೇಕು; ಉಳಿದವರೊಡನೆ ಕೂಡಿ ಅದನ್ನು ನಾಲ್ಕು ಮೆಟ್ಟಿಲುಗಳಲ್ಲಿ ಬಿಡಿಸಬೇಕು. ಸಂಗತಿಗಳನ್ನೆಲ್ಲ ತಿಳಿ, ತೂಗಿ ನಿರ್ಧರಿಸು, ಕಾರ್ಯವನ್ನು ಕೈಗೊಳ್ಳು, ಫಲವನ್ನು ಪರೀಕ್ಷಿಸು, ಇವೇ ಆ ನಾಲ್ಕು. ತಡವಾಗಿ ಬಂದ ಕೆಲಸಗಾರನನ್ನು ಕಂಡೊಡನೆ ಗದರಿಸುವ ಅಧಿಕಾರಿಯು ಮೊದಲಿನ ಎರಡು ಮೆಟ್ಟಿಲುಗಳನ್ನೂ ಹಾರಿದಂತೆ. ಕಾರಣವು ಮನೆಯ ಕಾಯಿಲೆಯೋ ಬಸ್ಸಿನ ತೊಂದರೆಯೋ ಸೋಮಾರಿತನವೋ ಎಂಬುದನ್ನು ಅವನು ವಿಚಾರಿಸಿಯೇ ಇಲ್ಲ. ತೊಡಕು ಹುಟ್ಟದಂತೆ ತಡೆಯುವುದಕ್ಕೂ ನಾಲ್ಕು ಸೂತ್ರಗಳನ್ನು ಅವರು ಹೇಳಿಕೊಟ್ಟರು: ಕೆಲಸ ಹೇಗೆ ಸಾಗಿದೆಯೆಂಬುದನ್ನು ಅವನವನಿಗೆ ತಿಳಿಸುತ್ತಿರಬೇಕು, ಮೆಚ್ಚಬೇಕಾದಾಗ ಮೆಚ್ಚಬೇಕು, ಬದಲಾವಣೆಯನ್ನು ಮುಂಚಿತವಾಗಿ ತಿಳಿಸಬೇಕು, ಒಬ್ಬೊಬ್ಬನ ಶಕ್ತಿಯನ್ನೂ ಪೂರ್ಣವಾಗಿ ಬಳಸಿಕೊಳ್ಳಬೇಕು. 1945ರಲ್ಲಿ ಈ ಶಾಖೆಯನ್ನು ಮುಚ್ಚುವಷ್ಟರಲ್ಲಿ ಅದರ ವಿವಿಧ ಪಾಠಗಳಲ್ಲಿ 16 ಲಕ್ಷಕ್ಕೂ ಮೀರಿ ಜನರು ತರಬೇತಾಗಿದ್ದರು. ಹುಟ್ಟುಗುಣದ ವಾದಕ್ಕೆ ಇದಕ್ಕಿಂತ ಬೇರೆ ಉತ್ತರವು ಬೇಕಿಲ್ಲ.

ಅದು ಕಬ್ಬಿಣದ ಕಾರ್ಖಾನೆಗಳ ಮಾತು, ಬುದ್ಧಿಯಿಂದಲೇ ದುಡಿಯುವ ಸಾಫ್ಟ್‌ವೇರಿನವರಿಗೆ ಸಲ್ಲದೆನ್ನಬಹುದು. ಗೂಗಲ್ ಕಂಪೆನಿಯ ಸ್ಥಾಪಕರೂ ಹಾಗೆಯೇ ತಿಳಿದು 2002ರಲ್ಲಿ ಇಂಜನಿಯರುಗಳ ಮೇಲಿನ ಮೇನೇಜರುಗಳನ್ನೇ ತೆಗೆದುಹಾಕಿದರು. ಆ ಪ್ರಯೋಗವು ಕೆಲವೇ ತಿಂಗಳು ನಡೆಯಿತು. ಖರ್ಚಿನ ಚೀಟಿಯಿಂದ ಹಿಡಿದು ಪರಸ್ಪರ ಜಗಳದವರೆಗೆ ಎಲ್ಲವೂ ಸ್ಥಾಪಕರಲ್ಲೊಬ್ಬರಾದ ಲ್ಯಾರಿ ಪೇಜರ ಬಳಿಗೇ ಬರತೊಡಗಿತು. ಕೆಲವು ವರ್ಷಗಳ ತರುವಾಯ ಅದೇ ಕಂಪೆನಿಯವರು ಒಳ್ಳೆಯ ಮೇನೇಜರನ ಲಕ್ಷಣಗಳೇನೆಂಬುದನ್ನು ತಮ್ಮಲ್ಲಿಯೇ ಅಂಕಿ-ಅಂಶಗಳಿಂದ ಶೋಧಿಸಿದರು. ಎಂಟು ಗುಣಗಳು ದೊರೆತವು. ಕೈಹಿಡಿದು ಕಲಿಸುವ ಗುಣವು ಮೊದಲನೆಯದು. ಕೆಲಸವನ್ನು ವಹಿಸಿದ ಮೇಲೆ ಅದರಲ್ಲಿ ಕೈಹಾಕದೆ ನಂಬುವುದು ಎರಡನೆಯದು. ಯಾವುದನ್ನು ನೋಡಿ ನಾವು ಬಡ್ತಿ ಕೊಡುತ್ತೇವೆಯೋ ಆ ತಾಂತ್ರಿಕ ಪಾಂಡಿತ್ಯವು ಎಂಟನೆಯದು! ಪಾಂಡಿತ್ಯವು ಬೇಡವೆಂದು ಇದರ ಅರ್ಥವಲ್ಲ. ಅದೊಂದೇ ಸಾಲದೆಂದು ಅರ್ಥ.

ನಮ್ಮ ನಾಡಿನಲ್ಲಿಯೇ ನಡೆದ ಪ್ರಸಂಗವೊಂದನ್ನು ವಾಚಕರು ಮರೆತಿರಲಾರರು. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ, ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯನ್ನು ಸಂಬಳದ ವಿಷಯವಾಗಿ ಕೆರಳಿದ ಕೆಲಸಗಾರರು ಒಡೆದುಹಾಕಿದರು. ಹಿಂಸೆಯನ್ನು ನಾವು ಸರ್ವಥಾ ಒಪ್ಪುವುದಿಲ್ಲ. ಆದರೆ ಕೆಲವರಿಗೆ ಸಂಬಳವು ಸರಿಯಾಗಿಯೂ ಸಕಾಲದಲ್ಲಿಯೂ ಸಂದಿರಲಿಲ್ಲವೆಂದು ಕಂಪೆನಿಯವರೇ ಒಪ್ಪಿ ಕ್ಷಮೆ ಕೇಳಿದರು. ಭಾರತದ ವ್ಯವಹಾರವನ್ನು ನೋಡುತ್ತಿದ್ದ ಉಪಾಧ್ಯಕ್ಷರನ್ನು ಆ ಸ್ಥಾನದಿಂದ ತೆಗೆದರು. ಕೆಳಗಿನವರ ದೂರನ್ನು ತಾಳ್ಮೆಯಿಂದ ಕೇಳಿ, ಸಂಗತಿಯನ್ನು ತಿಳಿದು, ಮೇಲಕ್ಕೆ ಮುಟ್ಟಿಸುವ ಮೇಲ್ವಿಚಾರಕರು ಎಲ್ಲೆಡೆಯೂ ಇದ್ದರೆ ಇಂಥ ಬೆಂಕಿಯು ಕಿಡಿಯಾಗಿರುವಾಗಲೇ ನಂದುತ್ತದೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಹಾಗೆಂದು ತರಬೇತೊಂದೇ ಸರ್ವರೋಗಕ್ಕೂ ಮದ್ದೆಂದು ನಾವು ಹೇಳುವುದಿಲ್ಲ. ಮೇಲೆ ಹೇಳಿದ ಅಮೆರಿಕದ ಪಾಠಗಳನ್ನು ಯುದ್ಧಾನಂತರ ಜಪಾನಿನವರು ಶ್ರದ್ಧೆಯಿಂದ ಕಲಿತರು. ಟೊಯೋಟ ಕಂಪೆನಿಯೂ 1950ರ ದಶಕದಲ್ಲಿ ಅವನ್ನು ಅಳವಡಿಸಿಕೊಂಡಿತು. ಆದರೂ ಬಿಡದಿಯಲ್ಲಿರುವ ಅದೇ ಟೊಯೋಟದ ಕಾರ್ಖಾನೆಯಲ್ಲಿ 2020ರ ನವೆಂಬರಿನಲ್ಲಿ ಬೀಗಮುದ್ರೆಯಾಯಿತು. ಕೆಲಸದ ಹೊರೆ ಹೆಚ್ಚೆಂದು ಕೆಲಸಗಾರರೂ, ಶಿಸ್ತು ತಪ್ಪಿತೆಂದು ಆಡಳಿತದವರೂ ವಾದಿಸಿದರು. ಸಂಬಳ, ಹೊರೆ, ವೇಳೆ ಇವುಗಳಲ್ಲಿ ನ್ಯಾಯವಿಲ್ಲದ ಕಡೆ ಸವಿಮಾತಿನಿಂದ ಶಾಂತಿಯು ನೆಲಸದು. ನ್ಯಾಯಕ್ಕೆ ಬದಲಾಗಿ ಶಿಕ್ಷಣವನ್ನು ಕೊಡುವುದಲ್ಲ, ನ್ಯಾಯವನ್ನು ನಡೆಸಲು ಬಲ್ಲವರನ್ನು ಶಿಕ್ಷಣದಿಂದ ಸಿದ್ಧಪಡಿಸುವುದು ಆಗಬೇಕಾದ ಕಾರ್ಯ.

ಈಗ ಮಾಡತಕ್ಕದ್ದೇನು? ಮೊದಲನೆಯದಾಗಿ, ಕುರ್ಚಿಯನ್ನು ಕೊಟ್ಟ ಮೇಲೆ ತರಬೇತು ಕೊಡುವ ಪದ್ಧತಿ ಹೋಗಿ, ತರಬೇತಾದವನಿಗೆ ಕುರ್ಚಿ ಎಂಬ ನಿಯಮ ಬರಬೇಕು. ಎರಡನೆಯದಾಗಿ, ಜನರನ್ನು ನಡೆಸಲು ಮನಸ್ಸಿಲ್ಲದ ಒಳ್ಳೆಯ ಇಂಜನಿಯರಿಗೆ ತನ್ನ ವಿದ್ಯೆಯಲ್ಲಿಯೇ ಮೇಲೇರಿ ಅಷ್ಟೇ ಸಂಬಳವನ್ನೂ ಮರ್ಯಾದೆಯನ್ನೂ ಪಡೆಯಲು ಪ್ರತ್ಯೇಕವಾದ ದಾರಿಯಿರಬೇಕು. ಮೂರನೆಯದಾಗಿ, ಪಾಠವು ಭಾಷಣವಾಗದೆ ಅಭ್ಯಾಸವಾಗಬೇಕು. ಹಾಡುತ್ತ ಹಾಡುತ್ತ ರಾಗ ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ನಾಲ್ಕನೆಯದಾಗಿ, ಕನ್ನಡ ನಾಡಿನ ಕಾರ್ಖಾನೆಗಳಲ್ಲಿ ಈ ಪಾಠವು ಕನ್ನಡದಲ್ಲಿ ನಡೆಯಬೇಕು. ಕೆಲಸಗಾರನ ಮಾತನ್ನೇ ಅರಿಯದ ಅಧಿಕಾರಿಯು ಅವನ ದುಃಖವನ್ನು ಹೇಗೆ ಅರಿತಾನು? ಐದನೆಯದಾಗಿ, ಅಧಿಕಾರಿಯ ಯೋಗ್ಯತೆಯನ್ನು ತೂಗುವಾಗ ಅವನ ಕೈಕೆಳಗಿನವರ ಅಭಿಪ್ರಾಯವನ್ನೂ ಕೇಳಬೇಕು.

ಈ ಮಾತು ಖಾಸಗಿ ಕಂಪೆನಿಗಳಿಗೆ ಮಾತ್ರ ಸಲ್ಲತಕ್ಕದ್ದಲ್ಲ. ಲೋಕೋಪಯೋಗಿ, ನೀರಾವರಿ, ವಿದ್ಯುಚ್ಛಕ್ತಿ ಇಲಾಖೆಗಳಲ್ಲಿಯೂ ನೂರಾರು ಇಂಜನಿಯರುಗಳು ಸಾವಿರಾರು ನೌಕರರನ್ನು ನಡೆಸುತ್ತಿದ್ದಾರೆ. ಮೈಸೂರಿನಲ್ಲಿ ಸರಕಾರದ ಆಡಳಿತ ತರಬೇತಿ ಸಂಸ್ಥೆಯಿದೆ. ಬೆಂಗಳೂರಿನಲ್ಲಿ 1973ರಿಂದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮೇನೇಜ್‌ಮೆಂಟ್ ಇದೆ. ಸಾಧನಗಳಿಗೆ ಕೊರತೆಯಿಲ್ಲ, ಸಂಕಲ್ಪವು ಬೇಕಾಗಿದೆ. ಕಂಬವೇರುವ ಲೈನ್‌ಮನ್ನನು ತನ್ನ ಭಯವನ್ನು ಮೇಲಧಿಕಾರಿಗೆ ಅಂಜದೆ ಹೇಳಬಲ್ಲನಾದರೆ ಒಂದು ಜೀವ ಉಳಿದೀತು. ಸಂಬಂಧಪಟ್ಟ ಅಧಿಕಾರಿಗಳೂ ಉದ್ಯಮಿಗಳೂ ಈ ಕಡೆಗೆ ಬೇಗನೆ ಲಕ್ಷ್ಯವಿಡುವರೆಂದು ಆಶಿಸುತ್ತೇವೆ.